ಅಂಗನವಾಡಿ ಅಕ್ಕೋರ ತೂಕ

ನಾನು ಎಷ್ಟೇ ಗಂಭೀರವಾಗಿರಲು ಹೊರಟರೂ ನನ್ನ ಮೈ ಬಿಡುವುದಿಲ್ಲ. ಆಗಾಗ ಊರಿಗೆ ನಗಲು ಏನಾದರೊಂದು ಒದಗಿಸಿಕೊಡುತ್ತಲೇ ಇರುತ್ತದೆ. ಹುಲಗೋಳದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಅಕ್ಕೋರು. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುವುದು ನನ್ನ ಕೆಲಸ. ನಾನು ಮಾತ್ರ ಆ ಯಂತ್ರ ಹತ್ತಿದವಳಲ್ಲ. ಒರೆಸುವಾಗಲೂ ದೂರ ಕೂತೇ ಒರೆಸುತ್ತಿದ್ದೆ.

ಹೋಳಿಗೆ

ಯಲ್ಲಾಪುರದಲ್ಲಿ ತಂಗಿಯ ಮಗಳ ಮದುವೆ. ಫೋಟೋ ತೆಗೆಯುವವನು, "ಆ ದಪ್ಪ ಅಮ್ಮ ಸ್ವಲ್ಪ ಹಿಂದೆ ಹೋಗ್ರಿ, ಮದುಮಗಳು ಕಾಣ್ತಿಲ್ಲ" ಅಂದುಬಿಟ್ಟ. ಮರುದಿನದಿಂದಲೇ ಊಟ ಬಿಟ್ಟೆ. ಬೆಳಿಗ್ಗೆ ಒಂದು ಸೌತೆಕಾಯಿ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ.

ಒಂದು ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳಿಗೆ ಉಣಿಸಿ, ಚಾಪೆಯ ಮೇಲೆ ಮಲಗಿಸಿ ಪಕ್ಕದಲ್ಲೇ ಒರಗಿದ್ದೆ. ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿತ್ತು. ಹದಿನಾಲ್ಕು ಪುಟ್ಟ ಉಸಿರುಗಳ ಸದ್ದು. ಯಾವಾಗ ಕಣ್ಣು ಮುಚ್ಚಿತೋ, ನಾನು ಮದುವೆಯ ಪಂಕ್ತಿಯಲ್ಲಿದ್ದೆ. ಬಾಳೆಲೆಗಳ ಸಾಲು ಗುಡ್ಡದ ಅಂಚಿನವರೆಗೂ ಹಬ್ಬಿದೆ. ನಾನು ಹತ್ತಿಯಷ್ಟು ಹಗುರ. ಹೋಳಿಗೆ ಹಿಡಿದವರು ಮೋಡದಂತೆ ತೇಲಿ ಬರುತ್ತಾರೆ, ನನ್ನ ಎಲೆ ಬಂದಾಗ ಮಾತ್ರ ತೇಲಿಕೊಂಡು ಮುಂದೆ ಹೋಗುತ್ತಾರೆ.

"ಇಲ್ಲಿ ಹಾಕಿ! ಇನ್ನೊಂದು ಹಾಕಿ!" ಎಂದು ಕೂಗಿದೆ.

ಕಣ್ಣು ಬಿಟ್ಟರೆ ಹದಿನಾಲ್ಕು ಮಕ್ಕಳೂ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಾರೆ. ಅಡುಗೆಯ ಸಹಾಯಕಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಾಲ್ಕು ವರ್ಷದ ಒಬ್ಬಳು ಹತ್ತಿರ ಬಂದು ಪಿಸುಗುಟ್ಟಿದಳು: "ಅಕ್ಕೋರೆ, ನಂಗೂ ಹಾಕ್ತ್ರಾ?"

ಹೊಸ ಮಗು

ಹದಿನೈದು ದಿನಕ್ಕೆ, ಹಾಡು ಹೇಳಿಕೊಡುತ್ತಿದ್ದಾಗಲೇ ತಲೆ ಸುತ್ತಿ ಗೋಡೆ ಹಿಡಿದು ಕೂತೆ. ಮಕ್ಕಳು ಅದೂ ಹಾಡಿನ ಭಾಗವೆಂದುಕೊಂಡು ಗೋಡೆ ಹಿಡಿದು ಕೂತವು. ಸಹಾಯಕಿ ಮಾತ್ರ ಹೆದರಿ ನನ್ನನ್ನು ಶಿರಸಿಗೆ ಕರೆದೊಯ್ದಳು.

ಡಾಕ್ಟರಮ್ಮ ಕೇಳಿದರು, "ಮಕ್ಕಳಿಗೆ ಊಟ ತಪ್ಪಿಸಿದ್ರೆ ತಾಯಂದಿರಿಗೆ ಏನ್ ಹೇಳ್ತೀರಿ?"

"ಬೈತೀನಿ."

"ಹಾಗಾದ್ರೆ ಕನ್ನಡಿ ಮುಂದೆ ನಿಂತು ಬೈಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ, ದಿನಾ ನಡೀರಿ."

ಸಂಜೆ ನಿಜವಾಗಿಯೂ ನಿಂತೆ. ವರ್ಷಗಳಿಂದ ಕುಂಕುಮ ಇಡುವಷ್ಟು ಮುಖ ಮಾತ್ರ ನೋಡಿಕೊಂಡಿದ್ದೆ. ಆವತ್ತು ಎಲ್ಲವನ್ನೂ ನೋಡಿದೆ. ಅತ್ತ ಮಕ್ಕಳನ್ನೆಲ್ಲ ಎತ್ತಿ ಸಮಾಧಾನ ಮಾಡಿದ ತೋಳು, ಎಷ್ಟೋ ಮಕ್ಕಳು ತಲೆಯಿಟ್ಟು ಮಲಗಿದ ಮಡಿಲು. ಬೈಯಲು ಬಾಯಿ ಬರಲಿಲ್ಲ. "ಪಾಪ, ಹಸಿವೆಯಾಯ್ತಾ?" ಎಂದೆ.

ಹಿಂದಿನಿಂದ ಯಜಮಾನರು, "ಯಾರ ಹತ್ರ ಮಾತು?" ಅಂದರು.

"ಹೊಸದಾಗಿ ಸೇರಿದ ಮಗು ಹತ್ರ."

"ಎಷ್ಟು ವರ್ಷ?"

"ನಲವತ್ತಾರು."

ಬನ್ನು

ಬೆಳಿಗ್ಗೆ ಆರಕ್ಕೆ ನಡೆಯಲು ಹೊರಟೆ. ರಸ್ತೆ ತುಂಬ ಮಂಜು. ಎದುರಿನ ಮರ ಕಾಣುವುದಿಲ್ಲ, ನನಗೆ ನನ್ನ ಹೊಟ್ಟೆಯೂ ಕಾಣುವುದಿಲ್ಲ. ಯಾರದೋ ನಿದ್ದೆಯೊಳಗೆ ನಡೆದಂತೆ, ಎಷ್ಟು ಹಾಯೆನಿಸಿತೆಂದರೆ! ಅಷ್ಟರಲ್ಲಿ ಮಂಜಿನೊಳಗಿಂದ ಎರಡು ದೀಪ. ಹಳ್ಳಿ ಅಂಗಡಿಗಳಿಗೆ ಬ್ರೆಡ್ಡು, ಟೋಸ್ಟು ಹಾಕುವ ಶಿರಸಿಯ ಸಾಬರ ಗೂಡ್ಸ್ ರಿಕ್ಷಾ.

"ಹತ್ರಿ ಅಕ್ಕೋರೆ, ಬಸ್ ತಪ್ಪೀತು!"

ತೂಕ ಇಳಿಸಲು ನಡೆಯುತ್ತಿದ್ದೇನೆ ಎನ್ನಲು ನಾಚಿಕೆ. ಹತ್ತಿದೆ. ಕ್ರಾಸಿನಲ್ಲಿ ಇಳಿಸಿ ಕೈಗೊಂದು ಬಿಸಿ ಬನ್ನು ಕೊಟ್ಟರು. ವಾಪಸು ನಡೆಯುತ್ತಿದ್ದರೆ ಮತ್ತೆ ಅದೇ ರಿಕ್ಷಾ. "ಬಸ್ ಬರ್ಲಿಲ್ವಾ? ಹತ್ರಿ, ಮನೆಗೆ ಬಿಡ್ತೀನಿ." ನಾಲ್ಕು ದಿನ ಹೀಗೇ ಆಯಿತು. ನಡೆದದ್ದು ಅಂಗಳ ದಾಟುವಷ್ಟು, ತಿಂದದ್ದು ನಾಲ್ಕು ಬನ್ನು.

ಐದನೆಯ ದಿನ ಧೈರ್ಯ ಮಾಡಿ ಇದ್ದದ್ದು ಹೇಳಿದೆ. ಸಾಬರು ಹಣೆ ಚಚ್ಚಿಕೊಂಡರು. "ಮೊದ್ಲೇ ಹೇಳ್ಬಾರ್ದಾ ಅಕ್ಕೋರೆ!" ಅಂದಿನಿಂದ ನನ್ನನ್ನು ಹತ್ತಿಸುವುದಿಲ್ಲ. ನನ್ನ ಮುಂದೆ ಮುಂದೆ ನಿಧಾನವಾಗಿ ರಿಕ್ಷಾ ಬಿಡುತ್ತಾ, "ಬೇಗ ಬೇಗ ಬರ್ರಿ" ಎಂದು ಹುರಿದುಂಬಿಸುತ್ತಾರೆ. ಬಿಸಿ ಬನ್ನಿನ ಪರಿಮಳದ ಹಿಂದೆ ನಾನು ಸೋಂದೆಯವರೆಗೂ ನಡೆದೇನು.

ಫಸ್ಟ್

ತೂಕದ ದಿನ ನಮ್ಮಲ್ಲೊಂದು ಪದ್ಧತಿ: ತೂಕ ಏರಿದವರಿಗೆ ಚಪ್ಪಾಳೆ, ತೂಕ ಇಳಿದವರ ಅಮ್ಮನಿಗೆ ಬುಲಾವು. ಆ ತಿಂಗಳು ಅದೇ ನಾಲ್ಕು ವರ್ಷದವಳು ಹಟ ಹಿಡಿದಳು. "ಅಕ್ಕೋರು ಹತ್ತಿದ್ರೆ ಮಾತ್ರ ನಾ ಹತ್ತದು."

ಕಣ್ಣು ಮುಚ್ಚಿ ಹತ್ತಿದೆ. ಸಹಾಯಕಿ ಗಟ್ಟಿಯಾಗಿ ಓದಿಯೇಬಿಟ್ಟಳು: "ಎಂಬತ್ತಾರು!"

ಮಕ್ಕಳದೆಲ್ಲ ಹನ್ನೆರಡು, ಹದಿಮೂರು. ಹಂಚು ಹಾರಿಹೋಗುವಂಥ ಚಪ್ಪಾಳೆ. "ಅಕ್ಕೋರು ಫಸ್ಟ್! ಅಕ್ಕೋರು ಫಸ್ಟ್!" ನನ್ನ ತೂಕಕ್ಕೆ ಜೀವಮಾನದಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಗುತ್ತಾ ನಗುತ್ತಾ ಕಣ್ಣು ತುಂಬಿತು. ಆಮೇಲೆ ಯಂತ್ರದ ಭಯ ಹೋಯಿತು. ಪ್ರತಿ ತಿಂಗಳೂ ಮಕ್ಕಳ ಸಾಲಿನಲ್ಲಿ ನಾನೂ ನಿಂತೆ. ಹೊತ್ತಿಗೆ ಉಂಡೆ, ಮಂಜಿನಲ್ಲಿ ನಡೆದೆ, ಕನ್ನಡಿಯ ಮಗುವಿನ ಜೊತೆ ಒಳ್ಳೆಯ ಮಾತಾಡಿದೆ.

ನಾಲ್ಕು ತಿಂಗಳಾದ ಮೇಲೆ ಯಂತ್ರ ಎಂಬತ್ತು ತೋರಿಸಿತು. ಹೆಮ್ಮೆಯಿಂದ ಇಳಿದು ಚಪ್ಪಾಳೆಗೆ ಕಾದೆ. ಒಬ್ಬರೂ ತಟ್ಟಲಿಲ್ಲ. ಅದೇ ಹಟದ ಹುಡುಗಿ ಮೆಲ್ಲಗೆ ಬಂದು ನನ್ನ ತೋಳು ಒತ್ತಿ ನೋಡಿದಳು. ಆಮೇಲೆ, ಥೇಟ್ ನನ್ನದೇ ಧಾಟಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ನಾಳೆ ನಿಮ್ಮ ಅಮ್ಮನ್ನ ಕರ್ಕಂಡ್ ಬನ್ನಿ."