ವಿಯೆನ್ನಾಕ್ಕ ಹೊಂಟ ಉಡಿ ಸಾಮಾನು

ನಮ್ಮ ಕಾಕು ಊರಿಗೆ ಹೋಗಾಕಿ ಅಲ್ಲ, ಊರನ್ನ ಕಟಗೊಂಡ ಹೋಗಾಕಿ! ನಂಬಂಗಿಲ್ಲೇನು? ನಾ ಸಣ್ಣಾಕಿ ಇದ್ದಾಗ, ಬೈಲಹೊಂಗಲದಿಂದ ಕಟಕೋಳದ ತವರಮನಿಗೆ ಎರಡ ದಿನಕ್ಕ ಹೊಂಟ್ರೂ ಟ್ರಂಕು, ಹಾಸಿಗಿ ಸುರುಳಿ, ಹಪ್ಪಳದ ಡಬ್ಬಿ ಎಲ್ಲಾ ಬಸ್ಸಿನ ಮ್ಯಾಲೆ ಏರತಿದ್ದವು. "ಅಕ್ಕಾರ, ಮನಿ ಖಾಲಿ ಮಾಡೀರೇನು?" ಅಂತ ಕಂಡಕ್ಟರ್ ಕೇಳಿದ್ರ, "ಇಲ್ಲಪಾ, ಬೀಸೂಕಲ್ಲ ಬಿಟ್ಟ ಬಂದೇನಿ," ಅಂತಿದ್ಲು! ತಿರುಗಿ ಬರೂವಾಗೂ ಹಂಗ. ಆದ್ರ ತವರಾಗ ತುಂಬಿದ ಉಡಿ ಮಾತ್ರ ಬಸ್ಸಿನ ಮ್ಯಾಲೆ ಹಾಕತಿದ್ದಿಲ್ಲ. ಸೆರಗಿನ್ಯಾಗ ಕಟಗೊಂಡು ಬೈಲಹೊಂಗಲ ಬರೂತನಕ ಹಿಡಕೊಂಡ ಕುಂಡ್ರತಿದ್ಲು.

ಅಂಥಾಕಿನ್ನ ಹೋದ ಬ್ಯಾಸಗಿ ಸೂಟ್ಯಾಗ ಐದು ದಿನ ವಿಯೆನ್ನಾಕ್ಕ ಕರಕೊಂಡ ಹೋಗಬೇಕಂತ ಮಾಡಿದೆ. ಕಾಕಾ ತೀರಿಕೊಂಡ ಹನ್ನೊಂದು ವರ್ಷದಾಗ ಆಕಿ ಊರ ಬಿಟ್ಟ ಎಲ್ಲಿಗೂ ಹೋಗಿದ್ದಿಲ್ಲ. ಮದುವಿ, ಬಸರಿ ಹೆಂಗಸರ ಕುಬಸಕ್ಕ ಬಂದ್ರೂ ಉಡಿ ತುಂಬೂ ಹೊತ್ತಿಗೆ ಬರೋಬ್ಬರಿ ಅಡಗಿಮನಿ ಸೇರಿ ಚಹಾ ಸೋಸತಿದ್ಲು. ಗಂಡಿಲ್ಲದಾಕಿ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಾಕ ನಮ್ಮ ಮಂದಿ ಕೈ ಇನ್ನೂ ಮುಂದ ಬರಂಗಿಲ್ಲ ನೋಡ್ರಿ.

"ಇಪ್ಪತ್ತಮೂರ ಕಿಲೋ ಅಷ್ಟ," ಅಂದಿದ್ದೆ. ತೂಗಿದ್ರ ಮೂವತ್ತೊಂದು! ಬ್ಯಾಗ ತಗದ್ರ ಮೊದಲ ಉಪ್ಪು.

"ಅಲ್ಲಿ ಉಪ್ಪ ಸಿಗತೈತಿ, ಕಾಕು!"

"ನನ್ನ ಕೈಗೆ ಹೊಂದಬೇಕಲಾ?"

ಉಪ್ಪ ತಗದೆ. ಹತ್ತು ಮಾರು ಹಗ್ಗ ಬಂತು! "ಸೀರಿ ನಿನ್ನ ತಲಿ ಮ್ಯಾಲೆ ಒಣಗಸಲಿ?" ಅಂದ್ಲು. ಹಗ್ಗಾನೂ ತಗದೆ. ಒಂದು ಗಂಟಿಗೆ ಕೈ ಹಚ್ಚಿದ್ನೋ ಇಲ್ಲೋ, ಕೈಮ್ಯಾಲೆ ಫಟ್ಟಂತ ಬಿತ್ತು. ಬಿಚ್ಚಿದ್ರ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ!

"ಇದ್ಯಾರಿಗೆ?"

"ನಾವು ಇಳಕೊಳ್ಳೂ ಮನಿಯಾಕಿಗೆ. ನಾಷ್ಟಾ ಆಕಿನ ಮಾಡಿ ಹಾಕತಾಳಂದಿ. ಉಂಡ ಮನಿಂದ ಕೈ ಬೀಸಿಕೊಂಡ ಬರೂದೇನು?"

"ರೊಕ್ಕ ಕೊಟ್ಟ ಇರತೇವಿ, ಕಾಕು!"

"ರೊಕ್ಕ ಖೋಲಿಗಾತು. ಆಕಿಗೇನಾತು? ಉಡಿ ನೀ ತುಂಬು. ನೀ ಮುತ್ತೈದಿ. ನಾ ಹಿಂದ ನಿಂತಿರತೇನಿ."

ಗಂಟು ಒಳಗ ಉಳೀತು, ನನ್ನ ಬೂಟು ಹೊರಗ ಬಂದ್ವು!

ವಿಯೆನ್ನಾದ ಮನಿಯಾಕಿ ವಯಸ್ಸಾದಾಕಿ, ಒಬ್ಬಾಕಿನ ಇದ್ಲು. ಗ್ವಾಡಿ ಮ್ಯಾಲೆ ಗಂಡನ ಫೋಟೋ, ಮುಂದ ಮೇಣಬತ್ತಿ. ಹೊರಡೂ ದಿನ ನಾ ಗಂಟು ಹಿಡಕೊಂಡು ಹಿಂದ ಮುಂದ ನೋಡಿದೆ.

"ಕಾಕು, ಈಕಿಗೂ ಗಂಡಿಲ್ಲ."

ಕಾಕು ಫೋಟೋ ನೋಡಿದ್ಲು, ಆಕಿ ಮಾರಿ ನೋಡಿದ್ಲು. "ಇರಲಿ, ತುಂಬು. ಐದ ದಿನ ಉಣ್ಣಾಕ ಹಾಕ್ಯಾಳ," ಅಂದ್ಲು.

ತುಂಬಿದೆ. ಆಕಿ ಏಪ್ರನ್ ಹಿಡಕೊಂಡು ನಕ್ಕೋತ ಒಳಗ ಹೋಗಿ ಸೇಬು, ಅಕ್ರೋಟ ತಂದ್ಲು. ನನ್ನ ದಾಟಿ, ಹಿಂದ ನಿಂತ ಕಾಕುನ ಮುಂದ ಹೋಗಿ ನಿಂತ್ಲು. "ನನಗ ಬ್ಯಾಡ್ರಿ, ನನಗ ಬ್ಯಾಡ್ರಿ," ಅಂತ ಕಾಕು ಗ್ವಾಡಿತನಕ ಸರದ್ಲು. ಆಕಿಗೆ ಕನ್ನಡ ಎಲ್ಲಿ ಬರಬೇಕು? ಬರತಿದ್ದ ನಾನು ಬಾಯಿ ಬಿಡಲಿಲ್ಲ. ಕಡೀಕ ಕಾಕು ಸೆರಗ ಒಡ್ಡಿದ್ಲು.

ವಿಮಾನ ನಿಲ್ದಾಣದಾಗ ಬ್ಯಾಗಿನ್ಯಾಗ ಗಂಟಿನ ಜಾಗಾ ಖಾಲಿ ಇತ್ತು. "ಆ ಸೇಬು ಇದರಾಗ ಇಡು, ಕಾಕು. ಜಾಗಾ ಭಾಳ ಐತಿ," ಅಂದೆ.

ಆಕಿ ಸೆರಗಿನ ಗಂಟು ಎರಡೂ ಕೈಲೆ ಹಿಡಕೊಂಡ ಕುಂತಿದ್ಲು.

"ಇರಲಿ ಬಿಡವಾ," ಅಂದ್ಲು. "ಹನ್ನೊಂದು ವರ್ಷ ಆಗಿತ್ತು."