ಬೇಳೆಗೆ ಬಿದ್ದ ಸೋಡಾ

ನಮ್ಮ ಸೋದರಮಾವನ ಕಣ್ಣಿಗೆ ತಿನ್ನುವ ಪದಾರ್ಥ ಎಂಬುದೇ ಬೀಳುತ್ತಿರಲಿಲ್ಲ. ಉಪ್ಪಿನಕಾಯಿ ಬಡಿಸಿದರೆ ‘ಆಮ್ಲ ಬಂತು’, ಎಲೆಯಡಿಕೆಗೆ ಸುಣ್ಣ ಕೊಟ್ಟರೆ ‘ಕ್ಷಾರ ಬಂತು’! ಇಂಥವರಿಗೆ ಹೆಣ್ಣು ಕೊಟ್ಟವರ ಧೈರ್ಯ ಮೆಚ್ಚಬೇಕು. ಕರ್ನೂಲು ಆಂಧ್ರದ ರಾಜಧಾನಿಯಾಗಿದ್ದ ಕಾಲ. ಮಾವ ಆದೋನಿಯಲ್ಲಿ ವಿಜ್ಞಾನದ ಮೇಷ್ಟ್ರು. ಸಂಜೆ ಶಾಲೆ ಮುಗಿಯುತ್ತಿತ್ತು, ಪಾಠ ಮುಗಿಯುತ್ತಿರಲಿಲ್ಲ.

ಕಾಫಿಗೆ ಕೂತರೆ ಲೋಟದ ಮೇಲೆ ತಣ್ಣನೆಯ ತಟ್ಟೆ ಹಿಡಿದು, ಆವಿ ಹನಿಯಾಗುವುದನ್ನು ಮನೆಮಂದಿಗೆಲ್ಲ ತೋರಿಸುವರು. ಅಷ್ಟರಲ್ಲಿ ಕಾಫಿ ಆರುವುದು. “ಆರಿದ್ದು ಕೊಟ್ಟೀಯಲ್ಲ!” ಎಂದು ಅತ್ತೆಯ ಮೇಲೆ ಹಾರಾಡುವರು. ತಪ್ಪು ಒಪ್ಪಿಕೊಳ್ಳುವುದು ಅವರ ಜಾತಕದಲ್ಲೇ ಇರಲಿಲ್ಲ. ಪ್ರಯೋಗ ಕೆಟ್ಟರೆ ಗಾಜಿನ ನಳಿಕೆಯ ತಪ್ಪು, ಆದೋನಿ ಬಿಸಿಲಿನ ತಪ್ಪು, ಮುಂದಿನ ಬೆಂಚಿನಲ್ಲಿ ಉಸಿರಾಡಿದ ಹುಡುಗನ ತಪ್ಪು!

ಇಂಥ ಮಾವ, ನಮ್ಮಕ್ಕನನ್ನು ನೋಡಲು ಮದ್ದಿಕೇರದವರು ಬರುವ ದಿನವೇ ನಮ್ಮ ಮನೆಯಲ್ಲಿ ಹಾಜರು. ಗಂಡಿನವರು ದೂರದ ಬಳಗ; ಹುಡುಗಿಯ ಕೈ ಅಡಿಗೆಯನ್ನೇ ಉಣ್ಣುತ್ತೇವೆ ಎಂದು ಹೇಳಿ ಕಳಿಸಿದ್ದರು. ಮೊದಲು ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು, ಇದಾದರೂ ಕೂಡಲಿ ಎಂದು ಅಕ್ಕ ಬೆಳಗಿನಿಂದ ಮಡಿಯುಟ್ಟು ಒಲೆ ಮುಂದೆ ಕೂತಿದ್ದಳು. ಅವತ್ತೇ ಸಿಹಿನೀರು ಸಿಗಲಿಲ್ಲ. ನಮ್ಮ ಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಕಲ್ಲಿನಂತೆ ಕೂತಿತ್ತು.

ಮಾವ ಮಡಿಯುಟ್ಟು ಅಡಿಗೆಮನೆ ಹೊಕ್ಕರು. ಕೈಯಲ್ಲಿ ಬಟ್ಟೆ ಒಗೆಯುವ ಸೋಡಾ! ಹೊಸ್ತಿಲಾಚೆ ಅಮ್ಮ. ಬಂದವರಿಗೆ ಜಮಖಾನೆ ಹಾಸಿ ಆಕೆಯ ಮಡಿ ಕೆಟ್ಟಿತ್ತು, ಒಳಗೆ ಕಾಲಿಡುವಂತಿರಲಿಲ್ಲ. ನಮ್ಮ ಮಡಿಯ ಮಹಿಮೆ ನೋಡಿ: ಹೆತ್ತ ತಾಯಿಗೆ ಪ್ರವೇಶವಿಲ್ಲ, ಸೋಡಾಕ್ಕೆ ಇದೆ!

“ಅಣ್ಣಾ, ಅದು ಅರಿಬಿ ಒಗಿಯೋದಲ್ಲೋ! ಹಾಕಬ್ಯಾಡ!”

“ಸುಮ್ಮನಿರು. ನೀರಾಗಿನ ಸುಣ್ಣ ತಳಕ್ಕ ಇಳಿತೈತಿ, ಬ್ಯಾಳಿ ಬೆಣ್ಣಿ ಆಗತೈತಿ. ಒಂದ್ ಚಿಟಿಕಿ ಅಷ್ಟ!”

ಮಾವನ ಚಿಟಿಕೆ ಎಂದರೆ ಒಂದು ಮುಷ್ಟಿ. ಬೇಳೆ ಬೆಣ್ಣೆಯಾಯಿತು, ನಿಜ. ಆದರೆ ಅದರೊಳಗಿನ ಅರಿಶಿನ ಕೆಂಪಗೆ ರಕ್ತದ ಬಣ್ಣಕ್ಕೆ ತಿರುಗಿತು! ಗಾಬರಿಯಾದ ಅಕ್ಕ ಹುಣಸೆರಸ ಸುರಿದಳು. ಹುಳಿ ಸೋಡಾಕ್ಕೆ ತಗುಲಿದ್ದೇ ತಡ, ಬುಸ್ಸೆಂದು ನೊರೆಯೆದ್ದು, ಪಾತ್ರೆ ದಾಟಿ, ಒಲೆಯನ್ನೇ ಆರಿಸಿತು. ಮಾವ ಚಪ್ಪಾಳೆ ತಟ್ಟಿದರು: “ನೋಡ್ರಿ, ಕಾರ್ಬನ್ ಡೈ ಆಕ್ಸೈಡ್!”

ಬೇರೆ ಮಾಡಲು ಹೊತ್ತಿಲ್ಲ, ಉಳಿದದ್ದನ್ನೇ ಬಡಿಸಿದ್ದಾಯಿತು. ಮಾವನೂ ಪಂಕ್ತಿಯಲ್ಲಿ ಕೂತರು. ಗಂಡಿನ ತಂದೆ ಒಂದು ತುತ್ತು ನುಂಗಿ ಮುಖ ಕಿವುಚಿದರು.

“ಹುಡುಗಿಗೆ ಅಡಿಗಿ ಕಲಿಸಿಲ್ಲೇನ್ರಿ?”

ಬಾಗಿಲ ಮರೆಯಲ್ಲಿ ಅಕ್ಕ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಾವ ಈಗ ಬಾವಿಯನ್ನು ಬೈಯುತ್ತಾರೋ ಹುಣಸೆಹಣ್ಣನ್ನು ಬೈಯುತ್ತಾರೋ ಎಂದು ನಾನು ಕಾದೆ. ಅವರು ಆಕೆಯ ಕಡೆ ಒಮ್ಮೆ ನೋಡಿದರು. ಅರ್ಧ ಊಟದಲ್ಲೇ ಎದ್ದು ಕೈಮುಗಿದರು.

“ಕೂಸಿಂದೇನೂ ತಪ್ಪಿಲ್ಲರಿ. ಸೋಡಾ ಹಾಕಿ ಕೆಡಿಸಿದಾಂವ ನಾನು. ನನ್ನ ತಪ್ಪಿಗೆ ಆಕೀನ್ನ ಬಿಡಬ್ಯಾಡ್ರಿ.”

ಆ ಹಿರಿಯರು ಮಾವನನ್ನು ನೋಡಿದರು, ಎಲೆಯನ್ನು ನೋಡಿದರು.

“ಸರೇ, ಕೂಸು ನಮ್ಮದಾತು. ಮದುವಿ ದಿನ ಈ ಮೇಷ್ಟ್ರನ್ನ ಒಲಿ ಹತ್ರ ಬಿಡಬ್ಯಾಡ್ರಿ, ಅಷ್ಟ!”

ಪಂಕ್ತಿಯೆಲ್ಲ ನಕ್ಕಿತು. ಊಟದ ನಡುವೆ ಎದ್ದವರು ಮತ್ತೆ ಎಲೆಗೆ ಕೂಡುವಂತಿಲ್ಲ. ಮಾವ ಹಿತ್ತಲಿಗೆ ಹೋಗಿ ತಲೆ ತಗ್ಗಿಸಿ ಕೂತರು. ಅವರನ್ನು ಆಡಿಕೊಂಡೇ ಬೆಳೆದ ನನಗೆ ಅವರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಅಕ್ಕ ಹಿತ್ತಲಿಗೆ ಬಂದಳು. ಮಜ್ಜಿಗೆಯ ಲೋಟ ತಂದು ಅವರ ಮುಂದೆ ಇಟ್ಟಳು.

“ಮಾವಾ, ಬ್ಯಾಳಿ ಮಾತ್ರ ಭಾಳ ಛಂದ ಬೆಂದಿತ್ತು.”

ಮಾವ ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.