ಅರ್ಧಕ್ಕೇ ನಿಲ್ಲುತ್ತಿದ್ದ ಫೈಲು

ಬುದ್ಧಿ ಬಂತು ಎಂದುಕೊಂಡ ವಾರದಲ್ಲೇ ಮತ್ತೊಮ್ಮೆ ಮುಖಭಂಗವಾಗುವುದು ನನ್ನ ಹಣೆಬರಹ. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವವ ನಾನು. ರಾಯಬಾಗ, ಅಥಣಿ, ಕಾಗವಾಡದ ತೂಕದ ಕಾಟಾಗಳ ಫೈಲುಗಳನ್ನು ಒಂದೇ ಸರ್ವರಿಗೆ ಸೇರಿಸುವ ಪ್ರೋಗ್ರಾಂ ನಾನೇ ಬರೆದದ್ದು. ಪಾಳಿ ಮುಗಿದಾಗ ‘ನಿಲ್ಲು’ ಎಂಬ ಸಿಗ್ನಲ್ ಕೊಟ್ಟರೆ, ಅದು ಕೈಯಲ್ಲಿದ್ದ ಫೈಲು ಮುಗಿಸಿ ಮಲಗಬೇಕು. ಕಾಗವಾಡದಲ್ಲಿ ಮಾತ್ರ ಅರ್ಧ ಬರೆದೇ ಮಲಗುತ್ತಿತ್ತು.

ಅಂಜುವ ಕಂಪ್ಯೂಟರ್

ನೋಡಲು ಹೋದೆ. ಅಲ್ಲಿ ಕಾಟಾ ನೋಡಿಕೊಳ್ಳುವ ಅಕ್ಕಾವರು ನನ್ನೆದುರೇ ‘ನಿಲ್ಲು’ ಗುಂಡಿ ಒತ್ತಿದರು. ಫೈಲು ಪೂರ್ತಿ ಬಂತು. ಮೂರು ದಿನ ಕೂತೆ, ಮೂರೂ ದಿನ ಪೂರ್ತಿ.

“ನೀವ್ ಇದ್ರ ಅಂಜತೈತ್ರಿ ಅದು,” ಎಂದರು ಅಕ್ಕಾವರು.

ನಾಚಿಕೆಯ ಮಾತೆಂದರೆ, ನಾನದನ್ನು ನಂಬಿ ಮೀಸೆ ತಿರುವಿದೆ.

ಶಾಲು

ಎಲ್ಲಿ ಎಡವುತ್ತದೆ ಎಂದು ತಿಳಿಯಲು, ಹೆಜ್ಜೆಹೆಜ್ಜೆಗೂ ವರದಿ ಬರೆದಿಡುವ ಸಾಲುಗಳನ್ನು ಪ್ರೋಗ್ರಾಮಿಗೆ ಸೇರಿಸಿದೆ. ತೊಂದರೆ ಮಾಯ! ಮ್ಯಾನೇಜರ್ ಸಾಹೇಬರು ಶಾಲು ಹೊದಿಸಿದರು. ಕೆಲಸ ಮುಗಿಯಿತೆಂದು ಆ ಸಾಲುಗಳನ್ನು ತೆಗೆದೆ. ಅಂದು ಸಂಜೆಯೇ ಅರ್ಧ ಫೈಲು.

“ಆ ಶಾಲು ತಂದ ಕೊಟ್ಟಬಿಡ್ರಿ, ಇನ್ನೊಬ್ಬರಿಗೆ ಹೊಚ್ಚೂದೈತಿ,” ಎಂದರು ಸಾಹೇಬರು.

ಅದಾಗಲೇ ನಿಪ್ಪಾಣಿಯಲ್ಲಿ ನಮ್ಮ ಮಾವನವರ ಹೆಗಲ ಮೇಲಿತ್ತು.

ಎರಡು ಸಲ

ಮುಖ ಉಳಿಸಿಕೊಳ್ಳಲು ನಾನು ಮಾಡಿದ್ದನ್ನು ಹೇಳಲು ಇಂದಿಗೂ ತಲೆ ತಗ್ಗುತ್ತದೆ. ಕಬ್ಬಿನ ಟ್ರ್ಯಾಕ್ಟರಿನವರು ಸಾಲುಗಟ್ಟಿ ನಿಂತ ಅಂಗಳದಲ್ಲೇ, “ಅಕ್ಕಾವ್ರಿಗೆ ಮಷೀನ್ ತಿಳಿಯೂದಿಲ್ರಿ,” ಎಂದು ಸಾಹೇಬರಿಗೆ ಹೇಳಿಬಿಟ್ಟೆ. ಅವರು ಅಕ್ಕಾವರನ್ನು ಕೆಲಸದಿಂದ ತೆಗೆಯಲು ಹೊರಟರು.

ಅವರ ಕಡೆಯ ದಿನ ಕಿಟಕಿಯಾಚೆ ನಿಂತು ನೋಡಿದೆ. ಗಡಿಯ ಕಾಟಾ ಅದು. ಅಕ್ಕಾವರು ಮೈಕಿನಲ್ಲಿ ಪ್ರತಿ ಗಾಡಿಯ ನಂಬರನ್ನೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಕೂಗುತ್ತಿದ್ದರು. ಪಾಳಿ ಮುಗಿಯಿತು. ‘ನಿಲ್ಲು’ ಗುಂಡಿಯನ್ನೂ ಎರಡು ಸಲ ಒತ್ತಿದರು.

“ಎರಡ್ ಸಲ ಯಾಕ್ರಿ ಅಕ್ಕಾವ್ರ?” ಎಂದು ಒಳಗೆ ಓಡಿಬಂದು ಕೇಳಿದೆ.

“ಕನ್ನಡಕ್ಕೊಂದು, ಮರಾಠಿಗೊಂದು. ಕೈಗೆ ರೂಢಿ ಬಿದ್ದೈತ್ರಿ. ನೀವ್ ಎದುರಿಗೆ ಕುಂತ್ರ ಸಂಕೋಚ ಆಗಿ ಒಂದ ಸಲ ಒತ್ತತಿದ್ನಿ.”

ಮೊದಲ ಸಿಗ್ನಲ್ಲಿಗೆ ಫೈಲು ಮುಗಿಸುತ್ತಿರುವಾಗ ಎರಡನೆಯದು ಬಂದರೆ, ನನ್ನ ಪ್ರೋಗ್ರಾಂ ಅರ್ಧಕ್ಕೇ ಬಿಟ್ಟು ಮಲಗುತ್ತಿತ್ತು. ವರದಿಯ ಸಾಲುಗಳಿದ್ದಾಗ ಅದು ನಿಧಾನವಾಗಿ, ಮೊದಲ ಸಿಗ್ನಲ್ ಗಮನಿಸುವಷ್ಟರಲ್ಲಿ ಎರಡನೆಯದೂ ಬಂದು, ಎರಡೂ ಕೂಡಿ ಒಂದೇ ಆಗುತ್ತಿದ್ದವು. ತಪ್ಪು ಪೂರಾ ನನ್ನದು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಸಾಹೇಬರಿಗೆ ನಿಜ ಹೇಳಿದೆ. ಅಕ್ಕಾವರ ಕೆಲಸ ಉಳಿಯಿತು. ಅವರ ಮುಂದೆ ಹೋಗಿ ಕೈಮುಗಿದೆ. ಅವರು ಮೈಕನ್ನು ನನ್ನತ್ತ ತಿರುಗಿಸಿದರು.

“ನನಗ ಅಂದಿದ್ದು ಅಂಗಳದಾಗ ಅಲ್ರಿ?”

“ತಪ್ಪು ನಂದ್ರಿ, ಅಕ್ಕಾವ್ರದಲ್ಲ,” ಎಂದು ಮೈಕಿನಲ್ಲಿ ಹೇಳಿ, ಟ್ರ್ಯಾಕ್ಟರಿನವರು ನಗುವುದರೊಳಗೆ ಓಡಿಬಿಡೋಣವೆಂದು ತಿರುಗಿದೆ.

“ನಿಲ್ರಿ,” ಎಂದರು ಅಕ್ಕಾವರು. “ಮರಾಠಿ ಒಳಗ ಯಾರ್ ಹೇಳೂದು?”